ವಸಂತಲಕ್ಷ್ಮಿಯ ಚುಕ್ಕಿಗಳು, ಐದು ಮನೆಯ ಹಸು

ಅಮೆರಿಕದ ಸಿಯಾಟಲ್ ಹತ್ತಿರ, ಕೆನ್ಮೋರ್‌ನ ಗಣಪತಿಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಿನ್ಸಿಪಲ್ ಆರ್ಕಿಟೆಕ್ಟ್ ಎಂಬ ಹುದ್ದೆ ಸಿಕ್ಕಿದ ಮೇಲೆ ಅವನು ಯಾವ ಕೆಲಸವನ್ನೂ ಸುಮ್ಮನೆ ಮಾಡಿದವನಲ್ಲ. ಪಾತ್ರೆ ತೊಳೆಯುವ ಮೆಷಿನ್ನಿನಲ್ಲಿ ತಟ್ಟೆ ಜೋಡಿಸುವುದಕ್ಕೂ ಅವನದೊಂದು ವಿನ್ಯಾಸವಿತ್ತು. ಹೆಂಡತಿ ವಸಂತಲಕ್ಷ್ಮಿ ಆ ವಿನ್ಯಾಸವನ್ನು ಪೂರ್ತಿ ಕೇಳಿಸಿಕೊಂಡು, ಅವನು ಆಫೀಸಿಗೆ ಹೊರಟ ಮೇಲೆ ತಟ್ಟೆಗಳನ್ನು ಮೊದಲಿದ್ದ ಹಾಗೇ ತಿರುಗಿಸಿಡುತ್ತಿದ್ದಳು. ಸಂಸಾರ ಚೆನ್ನಾಗಿಯೇ ನಡೆದಿತ್ತು.

ಕನ್ನಡದವರ ಊಟೋಪಚಾರಗಳಲ್ಲಿ ಯಾರಾದರೂ "ನಿಮ್ಮ ಮಿಸೆಸ್ ಏನ್ ಮಾಡ್ತಾರೆ?" ಎಂದು ಕೇಳಿದರೆ ಗಣಪತಿ, "ಲ್ಯಾಬಲ್ಲಿದಾಳೆ, ಬ್ಯಾಕ್ಟೀರಿಯಾ ಏನೋ ನೋಡ್ತಾಳೆ" ಎಂದು ಒಂದೇ ಉಸಿರಿನಲ್ಲಿ ಮುಗಿಸಿ, ತಾನೇನು ಮಾಡುತ್ತೇನೆ ಎಂಬ ವಿಷಯಕ್ಕೆ ಬರುತ್ತಿದ್ದ. ಅದು ಕೋಸಂಬರಿಯಲ್ಲಿ ಶುರುವಾಗಿ ಮಜ್ಜಿಗೆಯವರೆಗೂ ನಡೆಯುತ್ತಿತ್ತು.

ವಸಂತಲಕ್ಷ್ಮಿ ಹುಟ್ಟಿದ್ದು ಮದ್ದೂರಿನ ಹತ್ತಿರ. ಅಪ್ಪ ಹಾಲಿನ ಡೇರಿಯ ಸೆಕ್ರೆಟರಿ. ಬೆಳಗ್ಗೆ ಊರಿನವರು ಕ್ಯಾನು ಹಿಡಿದು ಸಾಲು ನಿಂತಾಗ, ಹಾಲಿನೊಳಗೆ ಗಾಜಿನ ಕಡ್ಡಿ ತೇಲಿಬಿಟ್ಟು ನೀರು ಎಷ್ಟು ಬೆರೆತಿದೆ ಎಂದು ನೋಡುವ ಕೆಲಸವನ್ನು ಅಪ್ಪ ಮಗಳಿಗೆ ಕೊಟ್ಟಿದ್ದರು. ಸಾಲಿನಲ್ಲಿ ಸ್ವಂತ ಸೋದರತ್ತೆಯೂ ಇರುತ್ತಿದ್ದಳು, ಹೆದರಿಸುವ ಪಂಚಾಯ್ತಿ ಮೆಂಬರೂ ಇರುತ್ತಿದ್ದ. ಅಪ್ಪ ಹೇಳಿಕೊಟ್ಟಿದ್ದು ಒಂದೇ ಮಾತು: "ಮಕ ನೋಡ್ಬ್ಯಾಡ ಮಗ, ಕಡ್ಡಿ ನೋಡು." ಸೋದರತ್ತೆ ಎರಡು ವರ್ಷ ಇವಳ ಜೊತೆ ಮಾತು ಬಿಟ್ಟಿದ್ದಳು.

ಅಲ್ಲಿಂದ ಹೆಬ್ಬಾಳದ ವೆಟರ್ನರಿ ಕಾಲೇಜು, ಆಮೇಲೆ ಬೆಂಗಳೂರಿನಲ್ಲೇ ದನಗಳ ರೋಗ ಪತ್ತೆ ಮಾಡುವ ಒಂದು ಲ್ಯಾಬು. ಮದುವೆ, ಅಮೆರಿಕ. ಗಂಡನ ವೀಸಾದ ಬಾಲ ಹಿಡಿದು ಬಂದವರಿಗೆ ಕೆಲಸ ಮಾಡುವ ಪರವಾನಗಿ ಇರಲಿಲ್ಲವಾದ್ದರಿಂದ ಕೆಲವು ವರ್ಷ ಅವಳು ಮೊಸರು ಮಾಡಿದಳು. ಹಾಸ್ಯಕ್ಕೆ ಹೇಳಿದ್ದಲ್ಲ. ಸಿಯಾಟಲ್ ಚಳಿಯಲ್ಲಿ ಹೆಪ್ಪು ಕೂರುವುದಿಲ್ಲ ಎಂದು ಗೋಳಾಡುವ ಮನೆಗಳಿಗೆಲ್ಲ ಅವಳ ಹೆಪ್ಪೇ ಹೋಗುತ್ತಿತ್ತು. ಓವನ್ನಿನ ದೀಪ ಹಾಕಿ, ಪಾತ್ರೆಗೆ ಟವೆಲ್ ಸುತ್ತಿ, ಹೆಪ್ಪಿಗೆ ಹೊತ್ತಿಗೆ ಸರಿಯಾಗಿ ಹಾಲು ಕೊಟ್ಟು ಎಬ್ಬಿಸುತ್ತ, ಒಂದು ಜೀವವನ್ನು ಸಾಕಿದ ಹಾಗೆ ಸಾಕಿದಳು. ಪರವಾನಗಿ ಬಂದ ವರ್ಷವೇ ಬಾತೆಲ್‌ನಲ್ಲಿ ಪ್ರಾಣಿರೋಗ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು.

ಅಲ್ಲಿ ಫ್ರಿಜ್ಜಿನ ಮೂಲೆಯಲ್ಲಿ ಯಾರಿಗೂ ಬೇಡವಾದ ಒಂದು ಡಬ್ಬಿಯಿತ್ತು. ಅದರೊಳಗೆ ಪುಟ್ಟ ಪುಟ್ಟ ಗಾಜಿನ ಸೀಸೆಗಳು, ಸೀಸೆಗಳಲ್ಲಿ ಫಾಜ್‌ಗಳು. ಬ್ಯಾಕ್ಟೀರಿಯಾಗಳಿಗೂ ರೋಗ ಬರುತ್ತದೆ. ಅವುಗಳೊಳಗೆ ಹೊಕ್ಕು ತಿಂದು ಹಾಕುವ ವೈರಸ್ಸುಗಳಿಗೆ ಫಾಜ್ ಎಂದು ಹೆಸರು. ಇನ್ನು ಮುಂದೆ ಬ್ಯಾಕ್ಟೀರಿಯಾದ ವಂಶವಾಹಿಯನ್ನೇ ಮೆಷಿನ್ನಿನಲ್ಲಿ ಓದಿಸಿ ಜಾತಿ ಪತ್ತೆ ಮಾಡುವುದು, ಈ ಹಳೇ ಸೀಸೆಗಳನ್ನು ಎಸೆದುಬಿಡಿ ಎಂದು ಲ್ಯಾಬಿನ ಮುಖ್ಯಸ್ಥರು ಹೇಳಿದ್ದರು. ವಸಂತಲಕ್ಷ್ಮಿ ಒಂದು ಕಪಾಟು ಕೇಳಿ ಇಸಿದುಕೊಂಡಳು. ಆಗಾಗ ಹೊಸ ಬ್ಯಾಕ್ಟೀರಿಯಾ ಬೆಳೆಸಿ, ತಿನ್ನಲು ಕೊಟ್ಟು, ಫಾಜ್‌ಗಳನ್ನು ಜೀವಂತ ಇಟ್ಟಳು. ಹೆಪ್ಪು ಸಾಕಿದವಳಿಗೆ ಇದೇನು ಮಹಾ?

ಗಣಪತಿಗೆ ಇದೊಂದೂ ಗೊತ್ತಿರಲಿಲ್ಲ. ಅವನು ೨೦೧೪ರ ವೈಶಾಖದಲ್ಲಿ ಒಂದು ಹಸುವಿಗೆ ಟೈಮ್‌ಟೇಬಲ್ ಹಾಕುವುದರಲ್ಲಿ ಮುಳುಗಿದ್ದ.

ಹಸು ಡುವಾಲ್ ಕಡೆಯ ಕಣಿವೆಯಲ್ಲಿ ಸಣ್ಣ ಡೇರಿ ನಡೆಸುವ ರೂತ್ ಎಂಬಾಕೆಯದು. ಅರವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡ ಮೇಲೂ ಹಸುಗಳನ್ನು ಬಿಟ್ಟಿರಲಿಲ್ಲ. ಅವುಗಳಲ್ಲಿ ಬಾಟಲಿ ಹಾಲು ಕುಡಿದು ಬೆಳೆದ ಒಂದು ಜರ್ಸಿ ಜನರಿಗೆ ಹೆದರುತ್ತಿರಲಿಲ್ಲ. ರೂತ್ ಅದನ್ನು ಪೆನ್ನಿ ಎನ್ನುತ್ತಿದ್ದಳು. ನಮ್ಮವರು ಹಾಲಿನ ಪ್ಯಾಕೆಟ್ಟಿನ ನೆನಪಿನಲ್ಲಿ ನಂದಿನಿ ಎನ್ನುತ್ತಿದ್ದರು. ಹಸು ಎರಡು ಹೆಸರಿಗೂ ತಿರುಗಿ ನೋಡದೆ, ಬಕೆಟ್ಟಿನ ಸದ್ದಿಗೆ ಮಾತ್ರ ಬರುತ್ತಿತ್ತು. ಗೃಹಪ್ರವೇಶಕ್ಕೆ ಮೊದಲು ಹಸು ಮನೆಯೊಳಗೆ ಕಾಲಿಡಬೇಕಲ್ಲ, ಈ ಊರಿನಲ್ಲಿ ಅದಕ್ಕೆ ಒಪ್ಪುವ ಹಸು ಇದೊಂದೇ. ಮರದ ನೆಲದ ಮೇಲೆ ಪ್ಲಾಸ್ಟಿಕ್ ಹಾಸಿ, ಗರಾಜಿನಿಂದ ಹಾಲ್‌ಗೆ ನಡೆಸಿದರೆ, ಬಂದು ನಿಂತು, ಎಲ್ಲರನ್ನೂ ಒಂದು ಸಲ ನೋಡಿ, ಕೊಟ್ಟಿದ್ದು ತಿಂದು ಹೋಗುತ್ತಿತ್ತು.

ಆ ವೈಶಾಖದಲ್ಲಿ ಒಳ್ಳೆಯ ಭಾನುವಾರ ಒಂದೇ ಒಂದು ಬಂದಿತ್ತು. ಎಜುಕೇಶನ್ ಹಿಲ್‌ನಲ್ಲಿ ನಾಲ್ಕು ಗೃಹಪ್ರವೇಶ, ನ್ಯೂಕ್ಯಾಸಲ್‌ನಲ್ಲಿ ಗೆಳೆಯ ಸುಹಾಸನ ಮನೆಯದು ಒಂದು. ಹಸು ಒಂದು, ಮನೆ ಐದು. ಎಲ್ಲರೂ ಕೈಚೆಲ್ಲಿದಾಗ ಗಣಪತಿ ಮುಂದೆ ಬಂದ. ಇದು ಹಸುವಿನ ಸಮಸ್ಯೆ ಅಲ್ಲ, ಶೆಡ್ಯೂಲಿಂಗ್ ಸಮಸ್ಯೆ ಎಂದ. ರಸ್ತೆ, ಟ್ರಾಫಿಕ್ಕು, ಪಾರ್ಕಿಂಗು, ರಾಹುಕಾಲ, ಪುರೋಹಿತರ ಮಂತ್ರದ ಉದ್ದ, ಎಲ್ಲ ಲೆಕ್ಕ ಹಾಕಿದ. ರೂತ್‌ಳ ಟ್ರೇಲರ್ ಹಳೆಯದು, ನಿಧಾನ ಎಂದು ಸುಹಾಸನ ಪರಿಚಯದ ದನದ ವ್ಯಾಪಾರಿಯಿಂದ ದೊಡ್ಡ ಟ್ರೇಲರ್ ತರಿಸಿದ.

ಹೊರಡುವ ಮೊದಲು ವಸಂತಲಕ್ಷ್ಮಿ ಒಂದೇ ಮಾತು ಕೇಳಿದ್ದಳು.

"ರೀ, ಐದು ಮನೆ ಅಂದ್ರಲ್ಲ, ತಿನ್ನಿಸೋದು ಯಾರು?"

"ಎಲ್ರೂ ತಿನ್ನಿಸ್ತಾರೆ ಕಣೆ. ಪೂಜೆ ಅಲ್ವಾ? ಅದಕ್ಕೆ ಸ್ಲಾಟಲ್ಲಿ ಟೈಮ್ ಇಟ್ಟಿದೀನಿ."

"ಟೈಮ್ ಇಟ್ಟಿದೀರ. ಹೊಟ್ಟೆ ಎಲ್ಲಿಟ್ಟಿದೀರ?"

ಅವಳಿಗೆ ಆ ಭಾನುವಾರ ಲ್ಯಾಬಿನಲ್ಲಿ ಡ್ಯೂಟಿ ಇತ್ತು. ಗಣಪತಿಯ ಡಿಸೈನಿನಲ್ಲಿ ಹೊಟ್ಟೆಗೆ ಬಾಕ್ಸ್ ಇರಲಿಲ್ಲ.

ಮೊದಲ ಮನೆಯಲ್ಲಿ ನೆನೆಸಿದ ಅಕ್ಕಿ ಬೆಲ್ಲ, ಬಾಳೆಹಣ್ಣು. ಎರಡನೆಯದರಲ್ಲಿ ಅದರ ಜೊತೆ ಒಬ್ಬಟ್ಟು. ಮೂರನೆಯ ಮನೆಯಲ್ಲಿ ಮೊದಲೆರಡು ಮನೆಯವರಿಗಿಂತ ಕಡಿಮೆಯಾಗಬಾರದೆಂದು ಒಂದು ಬೇಸಿನ್ ತುಂಬ ಅಕ್ಕಿ. ಅಲ್ಲಿ ಹಸು ಹಾಲ್‌ನ ನಡುವೆ ನೀರು ನೀರಾಗಿ ಸಗಣಿ ಹಾಕಿತು. ಸಾಕ್ಷಾತ್ ಲಕ್ಷ್ಮಿಯ ಕಟಾಕ್ಷವೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಸುಹಾಸನ ಮನೆಗೆ ಬರುವಾಗ ಹಸುವಿಗೆ ಇಳಿಯುವ ಮನಸ್ಸಿರಲಿಲ್ಲ. ಅಲ್ಲಿ ಟ್ರೇಲರ್ ಒಳಗೇ ಪೂಜೆ ಮುಗಿಸಿದರು. ಹೇಳಿದ ಹೊತ್ತಿಗೆ ಸರಿಯಾಗಿ ಡುವಾಲ್‌ಗೆ ಹಿಂತಿರುಗಿದ ಗಣಪತಿ, ಟ್ರೇಲರಿನಲ್ಲಿ ಉಳಿದ ಒಣಹುಲ್ಲನ್ನು ನೋಡಿ ಚೆನ್ನಾಗಿರುವುದನ್ನು ಯಾಕೆ ಎಸೆಯಬೇಕೆಂದು ಕವೆಗೋಲಿನಲ್ಲಿ ಎತ್ತಿ ಕರುಗಳ ಕೊಟ್ಟಿಗೆಗೆ ಹಾಸಿದ. ಪಂಚೆ ಎತ್ತಿ ಕಟ್ಟಿ ಕವೆಗೋಲು ಹಿಡಿದ ಫೋಟೋ ಸಂಜೆ ಫೇಸ್‌ಬುಕ್ಕಿನಲ್ಲಿ 'ಗೋಸೇವೆ' ಎಂಬ ಹೆಸರಿನಲ್ಲಿ ಬಂತು. ನೂರಾರು ಜನ ಮೆಚ್ಚಿದರು.

ವಾರದೊಳಗೆ ರೂತ್ ಫೋನ್ ಮಾಡಿದಳು. ಪೆನ್ನಿ ಮೇವು ಮುಟ್ಟುತ್ತಿಲ್ಲ, ಬೆನ್ನು ಬಗ್ಗಿಸಿ ನಿಂತಿದೆ. ಅದಕ್ಕಿಂತ ಹೆಚ್ಚಾಗಿ, ಕರುಗಳಿಗೆ ಜ್ವರ, ರಕ್ತ ಬೆರೆತ ಭೇದಿ. ಎರಡು ಕರು ಸತ್ತವು.

ಗಂಡ ಹೆಂಡತಿ ಇಬ್ಬರೂ ಓಡಿದರು. ವಸಂತಲಕ್ಷ್ಮಿ ಹಸುವಿನ ಎಡ ಹೊಟ್ಟೆಗೆ ಕಿವಿಯಿಟ್ಟು ಕೇಳಿ, ಬಾಯಿಯ ವಾಸನೆ ನೋಡಿ, "ಅಕ್ಕಿ ತಿಂದು ತಿಂದು ಹೊಟ್ಟೆ ಹುಳಿ ಹಿಡಿದಿದೆ" ಎಂದಳು. ಅಡುಗೆ ಸೋಡಾ ಕಲಸಿದ ನೀರು ಕುಡಿಸಿದಳು. ಆಮೇಲೆ ಬ್ಯಾಗಿನಿಂದ ಡಬ್ಬಿಗಳನ್ನು ತೆಗೆದು ಹಸುವಿನ ಸಗಣಿ, ಕರುಗಳ ಸಗಣಿ, ಎಲ್ಲ ತುಂಬಿಕೊಂಡಳು. ವ್ಯಾಪಾರಿ ಇನ್ನೂ ಒಯ್ಯದೆ ಅಂಗಳದಲ್ಲೇ ಬಿಟ್ಟಿದ್ದ ಟ್ರೇಲರಿನೊಳಗೂ ಹತ್ತಿ, ಮೂಲೆ ಕೆರೆದು ಒಂದು ಡಬ್ಬಿ ತುಂಬಿದಳು.

"ಅದ್ಯಾಕೆ?" ಎಂದ ಗಣಪತಿ.

"ಹಾಗೇ ಇರ್ಲಿ."

ಲ್ಯಾಬಿನಲ್ಲಿ ಬೆಳೆದು ಬಂದ ಬ್ಯಾಕ್ಟೀರಿಯಾದ ಹೆಸರು ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ. ಕರುಗಳಲ್ಲೂ ಅದೇ, ಹಸುವಿನಲ್ಲೂ ಅದೇ, ಟ್ರೇಲರಿನಿಂದ ಕೆರೆದದ್ದರಲ್ಲೂ ಅದೇ. ರೂತ್‌ಳ ಹಸುಗಳನ್ನು ಬಹಳ ವರ್ಷದಿಂದ ನೋಡುತ್ತಿದ್ದ ಊರಿನ ಪಶುವೈದ್ಯರು ತಮಗೆ ಕಂಡದ್ದನ್ನು ಹೇಳಿದರು. ಊರೂರು ಮನೆಮನೆ ತಿರುಗಿ ಬಂದದ್ದು ಈ ಹಸು ಒಂದೇ. ರೋಗ ತಂದದ್ದು ಅದೇ, ಹೊರಗೆ ಕಾಣದೆ ಮುಂದೆಯೂ ಹರಡುತ್ತಿರುತ್ತದೆ. ಉಳಿದ ಕರುಗಳನ್ನು ಉಳಿಸಿಕೊಳ್ಳಬೇಕಾದರೆ ಇದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಸೋಮವಾರ ಬಂದು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡುತ್ತೇನೆ.

ರೂತ್ ಒಪ್ಪಿದಳು. ಒಪ್ಪಿ ಫೋನ್ ಇಟ್ಟವಳು ಬಹಳ ಹೊತ್ತು ಕೊಟ್ಟಿಗೆಯಿಂದ ಹೊರಗೆ ಬರಲಿಲ್ಲವಂತೆ.

ಸುದ್ದಿ ಕೇಳಿ ಗಣಪತಿಯ ಕೈಯಲ್ಲಿದ್ದ ಕಾಫಿ ಆರಿಹೋಯಿತು. ಅವನು ತನ್ನನ್ನು ವಿಚಾರವಾದಿ ಎಂದುಕೊಂಡವನು. ಹಸುವಿನ ಪೂಜೆ ಸಂಸ್ಕೃತಿಯ ವಿಷಯ ಎಂದು ಮಗಳಿಗೆ ಇಂಗ್ಲಿಷಿನಲ್ಲಿ ವಿವರಿಸಿದವನು. ಆದರೆ ಐದು ಮನೆಯ ಪೂಜೆಗೆ ಸುತ್ತಿಸಿದ ಹಸುವನ್ನು ಅದೇ ಕಾರಣಕ್ಕೆ ಕೊಲ್ಲುತ್ತಾರೆ ಎಂದಾಗ, ಅವನಜ್ಜಿ ಬದುಕಿದ್ದಿದ್ದರೆ ಇದಕ್ಕೆ ಏನು ಹೆಸರು ಇಡುತ್ತಿದ್ದಳು ಎಂಬುದು ಎದೆಯಲ್ಲಿ ಕೂತುಬಿಟ್ಟಿತು.

"ವಸಂತಾ, ಏನಾದ್ರೂ ಮಾಡೋಕಾಗಲ್ವಾ?"

"ಹೆಸರು ಒಂದೇ ಅಂತ ತಾನೆ ಅವರು ಹೇಳ್ತಿರೋದು?" ಎಂದಳು ವಸಂತಲಕ್ಷ್ಮಿ, ಸಾರಿಗೆ ಒಗ್ಗರಣೆ ಹಾಕುತ್ತ. "ನಮ್ಮ ಕನ್ನಡದವರ ಗುಂಪಲ್ಲಿ ಎಷ್ಟು ಜನ ವೆಂಕಟೇಶ್ ಇದಾರೆ?"

"ಆರು. ಅಲ್ಲ, ಏಳು."

"ಪಾರ್ಕಿಂಗ್ ಲಾಟಲ್ಲಿ ಒಬ್ಬ ವೆಂಕಟೇಶ್ ಯಾರದೋ ಕಾರಿಗೆ ಗುದ್ದಿ ಹೋದ ಅಂತಿಟ್ಕೊಳಿ. ಏಳರಲ್ಲಿ ಯಾರನ್ನ ಹಿಡೀತೀರ? ಟೈಫಿಮ್ಯೂರಿಯಂ ಅನ್ನೋದು ವೆಂಕಟೇಶ್ ಅಂದ ಹಾಗೆ. ಯಾವ ವೆಂಕಟೇಶ್ ಅಂತ ನೋಡ್ಬೇಕು."

"ಹೇಗ್ ನೋಡ್ತೀಯಾ?"

"ನೆಂಟರನ್ನ ಕಳಿಸ್ತೀನಿ. ನನ್ ಹತ್ರ ಒಂದು ಡಬ್ಬಿ ನೆಂಟರಿದಾರೆ, ಒಬ್ಬೊಬ್ಬರದು ಒಂದೊಂದು ನಾಲಿಗೆ. ಒಬ್ಬನಿಗೆ ಈರುಳ್ಳಿ ಆಗಲ್ಲ, ಒಬ್ಬನಿಗೆ ಹುಣಸೆ ಆಗಲ್ಲ, ಇನ್ನೊಬ್ಬ ನಿಮ್ಮ ಚಿಕ್ಕಪ್ಪನ ಹಾಗೆ, ಎಲ್ಲಾ ಕಡೆ ತಿಂತಾನೆ. ಅದೇ ನೆಂಟರನ್ನ ಎಲ್ಲಾ ವೆಂಕಟೇಶ್ ಮನೆಗೂ ಕಳಿಸಿ. ಯಾರ ಮನೇಲಿ ಯಾರು ಊಟ ಮಾಡಿದ್ರು, ಯಾರು ಎಲೆ ಮುಟ್ಟದೆ ಎದ್ದು ಬಂದ್ರು ನೋಡಿ. ಎರಡು ಮನೆ ಅಡುಗೆ ಬೇರೆ ಬೇರೆ ಅಂದ್ರೆ ವೆಂಕಟೇಶೂ ಬೇರೆ ಬೇರೆ."

ಮಗಳು ಅನುಶ್ರೀ ತಟ್ಟೆಯಿಂದ ತಲೆಯೆತ್ತಿ, "ಅಮ್ಮಾ, ಪ್ಲೀಸ್, ನಾಟ್ ಅಟ್ ಡಿನ್ನರ್" ಎಂದಳು.

ವಂಶವಾಹಿ ಓದುವ ಹೊಸ ವಿಧಾನದಲ್ಲಿ ಇನ್ನೂ ಖಚಿತವಾಗಿ ತಿಳಿಯುತ್ತಿತ್ತು ಎಂಬುದನ್ನು ಅವಳೇ ಹೇಳಿದಳು. ಆದರೆ ಲ್ಯಾಬಿಗೆ ಆ ಮೆಷಿನ್ ಇನ್ನೂ ಬಂದಿರಲಿಲ್ಲ. ಬೇರೆ ರಾಜ್ಯಕ್ಕೆ ಕಳಿಸಿ ಉತ್ತರ ಬರುವ ಹೊತ್ತಿಗೆ ಹಸು ಮಣ್ಣಿನಲ್ಲಿರುತ್ತಿತ್ತು. ಸೋಮವಾರದೊಳಗೆ ಉತ್ತರ ಕೊಡಬಲ್ಲದ್ದು ಅವಳ ಕಪಾಟಿನ ಡಬ್ಬಿ ಮಾತ್ರ.

ಶುಕ್ರವಾರ ಅವಳು ಕೆಲಸ ಹಿಡಿದಳು. ಗಟ್ಟಿ ಗಂಜಿಯಂಥ ಆಹಾರ ಹಾಕಿದ ಚಪ್ಪಟೆ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಸವರಬೇಕು. ಅದರ ಮೇಲೆ, ಹೊಸ್ತಿಲ ಮುಂದೆ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ, ಸಾಲಾಗಿ ಒಂದೊಂದು ಫಾಜಿನ ಒಂದೊಂದು ಹನಿ ಇಡಬೇಕು. ರಾತ್ರಿ ಬೆಚ್ಚಗೆ ಇಟ್ಟರೆ ಬೆಳಗ್ಗೆ ತಟ್ಟೆ ಮಂಜು ಕವಿದ ಗಾಜಿನಂತೆ ಮಸುಕಾಗಿರುತ್ತದೆ. ಫಾಜ್ ತಿಂದ ಕಡೆ ಮಾತ್ರ ಚುಕ್ಕಿ ತಿಳಿಯಾಗಿ ಕಾಣುತ್ತದೆ. ಆ ಚುಕ್ಕಿಗಳ ಸಾಲೇ ಬ್ಯಾಕ್ಟೀರಿಯಾದ ಜಾತಕ.

ಅಂದು ಗಣಪತಿಗೆ ಇನ್ನೊಂದು ಐಡಿಯಾ ಬಂತು. ಅವನ ಐಡಿಯಾಗಳು ಗಂಟಲು ಸರಿಮಾಡಿಕೊಂಡೇ ಬರುತ್ತಿದ್ದವು.

"ನೋಡು, ಒಂದ್ ಪಕ್ಷ ಒಂದೇ ಅಂತ ಬಂದ್ರೆ, ಸ್ಪಷ್ಟವಾಗಿ ಗೊತ್ತಾಗಲಿಲ್ಲ ಅಂತ ಬರೆದುಬಿಡಬಹುದಲ್ವಾ? ಸುಳ್ಳು ಅಲ್ಲ, ಸ್ವಲ್ಪ... ಆರ್ಕಿಟೆಕ್ಚರಲ್ಲಿ ಇದಕ್ಕೆ ಗ್ರೇಸ್‌ಫುಲ್..."

"ರೀ." ಅವಳು ಕಾರಿನ ಕೀ ತೆಗೆದುಕೊಳ್ಳುತ್ತಿದ್ದಳು. "ಒಂದೇ ಅಂತ ಬಂದ್ರೆ ಸೋಮವಾರ ಹಸು ಪಕ್ಕ ನಿಂತ್ಕೊಳೋದು ನಾನೇ. ಅಲ್ಲಿ ಇನ್ನೂ ಕರುಗಳಿದಾವೆ."

ಅಷ್ಟೇ ಅಲ್ಲ, ತನ್ನ ಮೇಲೂ ಅವಳಿಗೆ ನಂಬಿಕೆಯಿರಲಿಲ್ಲ. ಹಸು ತನಗೆ ಪರಿಚಯದ್ದು ಎಂದು ಮುಖ್ಯಸ್ಥರಿಗೆ ಹೇಳಿ, ಕರುವಿನದು, ಹಸುವಿನದು, ಟ್ರೇಲರಿನದು ಮೂರಕ್ಕೂ ಅವರ ಕೈಯಿಂದಲೇ ಎ, ಬಿ, ಸಿ ಎಂದು ಗುರುತು ಹಾಕಿಸಿದಳು. ಯಾವುದು ಯಾವುದೆಂದು ಅವರಿಗೆ ಮಾತ್ರ ಗೊತ್ತು. ಹಾಲಿನ ಕ್ಯಾನಿನ ಹಿಂದೆ ನಿಂತವರ ಮುಖ ಕಾಣದ ಹಾಗೆ ಮರೆ ಕಟ್ಟಿದಂತಾಯಿತು.

ಶನಿವಾರ ಬೆಳಗ್ಗೆ ಗಣಪತಿಯೇ ಅವಳನ್ನು ಲ್ಯಾಬಿಗೆ ಕರೆದುಕೊಂಡು ಹೋದ. ಒಳಗೆ ಬಿಡುವುದಿಲ್ಲವಾದ್ದರಿಂದ ತುಂತುರು ಮಳೆಯಲ್ಲಿ ಕಾರಿನಲ್ಲೇ ಕೂತ. ಸ್ವಲ್ಪ ಹೊತ್ತಿಗೆ ಫೋನಿಗೆ ಫೋಟೋ ಬಂತು. ಮೂರು ತಟ್ಟೆಯಲ್ಲೂ ಎಲ್ಲಾ ಚುಕ್ಕಿಗಳೂ ತಿಳಿ. ಮೂರೂ ತದ್ರೂಪ. ಎಲ್ಲಾ ನೆಂಟರೂ ಎಲ್ಲಾ ಮನೆಯಲ್ಲೂ ಉಂಡು ಎಲೆ ನೆಕ್ಕಿ ಎದ್ದಿದ್ದರು.

ಗಣಪತಿ ಸ್ಟೇರಿಂಗ್ ಮೇಲೆ ತಲೆಯಿಟ್ಟ. ವಸಂತಲಕ್ಷ್ಮಿ ಬಂದು ಕಾರಿನ ಕಿಟಕಿ ತಟ್ಟಿದಳು.

"ಮೂರೂ ಒಂದೇನಾ?" ಎಂದ.

"ಅಯ್ಯೋ, ಅದು ಒಂದೇ ಅಲ್ಲ, ಅದು ನನ್ ತಪ್ಪು. ಅವಸರದಲ್ಲಿ ನೀರು ಬೆರೆಸದೆ ಗಟ್ಟಿ ಫಾಜನ್ನೇ ಹಾಕಿದೀನಿ. ಅಷ್ಟು ಜನ ಒಟ್ಟಿಗೆ ನುಗ್ಗಿದ್ರೆ ಯಾರ ಮನೆ ಬಾಗಿಲಾದ್ರೂ ಮುರಿಯುತ್ತೆ. ಒಬ್ಬೊಬ್ಬರನ್ನೇ ಕಳಿಸ್ಬೇಕು. ಮೊದಲನೇ ವರ್ಷದ ಹುಡುಗರು ಮಾಡೋ ತಪ್ಪು." ಅವಳು ನಗುತ್ತಿದ್ದಳು. "ಮತ್ತೆ ಹಾಕ್ತೀನಿ. ನೀವು ಮನೆಗೆ ಹೋಗಿ, ಅನೂಗೆ ಊಟಕ್ಕಿಡಿ. ಸುಮ್ನೆ ಇರ್ಬೇಡಿ, ಆ ಐದೂ ಮನೆಗೆ ಫೋನ್ ಮಾಡಿ. ಪಂಚಗವ್ಯ ಅಂತ ಸಗಣಿ, ಗಂಜಲ ಯಾರಾದ್ರೂ ಬಾಯಿಗೆ ಹಾಕ್ಕೊಂಡಿದಾರಾ ಕೇಳಿ. ಹಾಕ್ಕೊಂಡಿದ್ರೆ ಡಾಕ್ಟರ ಹತ್ರ ಹೋಗ್ಲಿ."

ತಪ್ಪನ್ನು ಹೀಗೂ ಹೇಳಬಹುದು ಎಂಬುದು ಗಣಪತಿಗೆ ಹೊಸದು. ಅವನ ಕಂಪನಿಯಲ್ಲಿ ತಪ್ಪು ಎಂಬ ಮಾತೇ ಚಾಲ್ತಿಯಲ್ಲಿರಲಿಲ್ಲ. ಕಲಿಕೆಗಳು, ಅವಕಾಶಗಳು ಇದ್ದವು. ಅವೂ ಯಾವಾಗಲೂ ಬೇರೆ ಟೀಮಿನವು.

ಅವನು ಐದೂ ಮನೆಗೆ ಫೋನ್ ಮಾಡಿದ. ಹೀಗೆ ಅಂಗೈಯಲ್ಲಿ ತೆಗೆದುಕೊಂಡು, ಬಾಯಿಗೆ ಹಾಕಿಕೊಂಡಂತೆ ಮಾಡಿ, ತಲೆಗೆ ಸವರಿಕೊಂಡೆವು ಎಂದು ಐದೂ ಮನೆಯವರು ತಗ್ಗಿದ ದನಿಯಲ್ಲಿ ಒಪ್ಪಿಕೊಂಡರು. ಪುರೋಹಿತರಿಗೆ ಮಾತ್ರ ಹೇಳಬೇಡಿ ಎಂದರು.

ಭಾನುವಾರ ಮತ್ತೆ ಅದೇ ಕಾರು, ಅದೇ ತುಂತುರು. ಈ ಸಲ ವಸಂತಲಕ್ಷ್ಮಿ ಫೋಟೋ ಕಳಿಸದೆ, ಫೋನ್ ಕೈಯಲ್ಲಿ ಹಿಡಿದು ತಾನೇ ಬಂದು ಪಕ್ಕದ ಸೀಟಿನಲ್ಲಿ ಕೂತಳು. ಚಿತ್ರ ಅವನ ಮುಂದೆ ಹಿಡಿದಳು. ಮಸುಕು ತಟ್ಟೆಗಳಲ್ಲಿ ಅಲ್ಲೊಂದು ಇಲ್ಲೊಂದು ತಿಳಿ ಚುಕ್ಕಿ. ಎ ಮತ್ತು ಸಿ ಅಕ್ಕತಂಗಿಯರ ರಂಗೋಲಿಯ ಹಾಗೆ, ಚುಕ್ಕಿಗೆ ಚುಕ್ಕಿ ಒಂದೇ. ಬಿ ತಟ್ಟೆಯ ಸಾಲೇ ಬೇರೆ. ಇಲ್ಲಿ ಉಂಡವರು ಅಲ್ಲಿ ಉಣ್ಣಲಿಲ್ಲ, ಅಲ್ಲಿ ಉಂಡವರು ಇಲ್ಲಿ ಉಣ್ಣಲಿಲ್ಲ.

"ಹಸು ಯಾವುದು?"

"ಗೊತ್ತಿಲ್ಲ. ಓದಿದ್ದನ್ನ ಅವರಿಗೆ ಕಳಿಸಿದೀನಿ. ಈಗ ಫೋನ್ ಮಾಡ್ತಾರೆ."

ಇಬ್ಬರೂ ಕೂತರು. ವೈಪರ್ ಒಂದು ಸಲ ಗಾಜು ಒರೆಸಿತು. ಗಣಪತಿ ತಿರುಗಿ ಹೆಂಡತಿಯನ್ನು ನೋಡಿದ. ಅವಳ ಬಲಗೈ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು, ರಂಗೋಲಿ ಪುಡಿ ಹಿಡಿದವರ ಹಾಗೆ. ಇವಳಿಗೂ ಭಯವಿದೆ ಎಂಬುದು ಅವನಿಗೆ ಆಗ ಹೊಳೆಯಿತು. ಭಯವಿದ್ದೂ ಮೂರು ತಟ್ಟೆಗೆ ಮರೆ ಕಟ್ಟಿಸಿದ್ದಳು. ಇಷ್ಟು ವರ್ಷ ಊಟದ ಸಾಲಿನಲ್ಲಿ 'ಬ್ಯಾಕ್ಟೀರಿಯಾ ಏನೋ' ಎಂದದ್ದು ನೆನಪಾಗಿ ಅವನಿಗೆ ಕಿವಿ ಬಿಸಿಯಾಯಿತು.

ಫೋನ್ ಬಂತು. ಅವಳು ಕೇಳಿಸಿಕೊಂಡು, ಥ್ಯಾಂಕ್ಸ್ ಹೇಳಿ ಇಟ್ಟಳು.

"ಬಿ ಹಸು."

ಗಣಪತಿ ಕೈ ಮುಗಿದ. ಯಾರಿಗೆ ಎಂದು ಅವನಿಗೇ ಗೊತ್ತಿರಲಿಲ್ಲ. ಎದುರಿಗಿದ್ದದ್ದು ಪಾರ್ಕಿಂಗ್ ಬೋರ್ಡು.

"ಅದರ ಹೊಟ್ಟೆಯಲ್ಲಿ ಇರೋದು ಅದರದ್ದೇ ಹಳೇ ವೆಂಕಟೇಶ್," ಎಂದಳು ವಸಂತಲಕ್ಷ್ಮಿ. "ಎಷ್ಟು ದಿನದಿಂದ ಸುಮ್ನೆ ಮಲಗಿದ್ನೋ, ನೀವು ಅಕ್ಕಿ ತಿನ್ನಿಸಿದ ಮೇಲೆ ಹೊರಗೆ ಬಂದಿದಾನೆ. ಕರುಗಳನ್ನ ಕೊಂದವನು ಬೇರೆ. ಎ ಕರು."

"ಹಾಗಾದ್ರೆ ಸಿ..." ಎಂದ ಗಣಪತಿ, ಅಲ್ಲಿಗೆ ನಿಂತ. ಉಳಿದದ್ದು ಒಂದೇ. ಟ್ರೇಲರು. ದನದ ವ್ಯಾಪಾರಿಯ ಟ್ರೇಲರು. ಅದಕ್ಕೆ ಮೊದಲು ಅದರಲ್ಲಿ ಯಾವ ಸಂತೆಯ ಯಾವ ಕರುಗಳು ಬಂದಿದ್ದವೋ. ಅದರ ಹುಲ್ಲು. ಕವೆಗೋಲು. ಪಂಚೆ ಎತ್ತಿ ಕಟ್ಟಿದ ಫೋಟೋ. ನೂರಾರು ಮೆಚ್ಚುಗೆ.

 ವಸಂತಲಕ್ಷ್ಮಿ ಗಾಜಿನ ಮೇಲೆ ಹನಿ ಸೇರುವುದನ್ನು ನೋಡುತ್ತ ಕೂತಳು. ಒಂದು ಮಾತು ಚುಚ್ಚಿದ್ದರೆ ಗಣಪತಿಗೆ ಸುಲಭವಾಗುತ್ತಿತ್ತು.

ಕೊನೆಗೆ ಅವನೇ ಕಾರು ಸ್ಟಾರ್ಟ್ ಮಾಡಿ ಡುವಾಲ್ ಕಡೆ ತಿರುಗಿಸಿದ.

ದಾರಿಯುದ್ದಕ್ಕೂ ಅವನು ಆಫೀಸಿನ ಮೀಟಿಂಗಿಗೆಂಬಂತೆ ಮನಸ್ಸಿನಲ್ಲೇ ಸ್ಲೈಡು ಜೋಡಿಸಿದ. ರೂತ್ ಕೊಟ್ಟಿಗೆಯ ಬಾಗಿಲಿನಲ್ಲಿ ನಿಂತಿದ್ದಳು. ಹಸು ಉಳಿಯುತ್ತದೆ, ರೋಗ ತಂದದ್ದು ಅದಲ್ಲ ಎಂದು ವಸಂತಲಕ್ಷ್ಮಿ ಮೊದಲು ಹೇಳಿ, ಫೋಟೋ ತೋರಿಸಿ, ಚುಕ್ಕಿಗಳನ್ನು ಎಣಿಸಿ ವಿವರಿಸಿದಳು. ರೂತ್ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡಳು. ಹಾಗಾದರೆ ಎಲ್ಲಿಂದ ಬಂತು ಎಂದು ಕೇಳಿದಳು.

ಗಣಪತಿ ಗಂಟಲು ಸರಿಮಾಡಿಕೊಂಡ. ಸಾಗಾಣಿಕೆಯ ವ್ಯವಸ್ಥೆಯಲ್ಲಿ ಕೆಲವು ಲೋಪಗಳು ಕಂಡುಬಂದಿದ್ದು, ಹೊರಗಿನ ಪಾಲುದಾರರ ಕಡೆಯಿಂದ... ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದ. ವಸಂತಲಕ್ಷ್ಮಿ ಅವನ ಕಡೆ ನೋಡಲೂ ಇಲ್ಲ. ಹಸುವಿನ ಕಿವಿ ಕೆರೆಯುತ್ತಿದ್ದಳು. ಸ್ಲೈಡುಗಳು ಅಲ್ಲಿಗೇ ಮುಗಿದವು.

"ಟ್ರೇಲರ್ ತರಿಸಿದ್ದು ನಾನು," ಎಂದ. "ಅದರ ಹುಲ್ಲನ್ನು ಕರುಗಳಿಗೆ ಹಾಸಿದ್ದೂ ನಾನು. ಐದು ಮನೆಯ ಅಕ್ಕಿಯೂ ನನ್ನದೇ. ತಪ್ಪು ನನ್ನದು."

 ಕೊಟ್ಟಿಗೆಯೊಳಗೆ ಉಳಿದ ಕರುಗಳಲ್ಲಿ ಒಂದು ಕೆಮ್ಮಿತು.

"ನೀನು ಹುಲ್ಲು ಹಾಸೋದನ್ನ ನಾನು ನಿಂತು ನೋಡ್ತಿದ್ದೆ," ಎಂದಳು ರೂತ್. "ಐವತ್ತು ವರ್ಷ ದನ ಕಟ್ಟಿದೀನಿ. ಬೇರೆಯವರ ಟ್ರೇಲರಿನ ಹುಲ್ಲು ಕರುಗಳ ಹತ್ರ ಬರಬಾರದು ಅಂತ ನನಗೆ ಗೊತ್ತಿರಬೇಕಿತ್ತು. ಆ ಫೋಟೋ ತೆಗೆದದ್ದು ಯಾರು ಅಂದ್ಕೊಂಡೆ? ನೀನೇ ತಾನೆ ನನ್ನ ಕೈಗೆ ಫೋನ್ ಕೊಟ್ಟು, ಪಂಚೆ ಪೂರ್ತಿ ಬರಲಿ ಅಂದದ್ದು?"

ಆಮೇಲೆ ವಸಂತಲಕ್ಷ್ಮಿಗೆ, "ಡಾಕ್, ನಾಳೆ ಡಾಕ್ಟರು ಬರೋದು ಬೇಡ ಅಂತ ಹೇಳಲಾ?" ಎಂದಳು.

"ಬರ್ಲಿ. ಇನ್ನೂ ಜ್ವರ ಇರೋ ಆ ಎರಡು ಕರುಗಳಿಗೆ ಡ್ರಿಪ್ ಹಾಕ್ಬೇಕು. ಅವರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ. ಅವರ ಜಾಗದಲ್ಲಿ ನಾನಿದ್ದಿದ್ರೂ ಹೆಸರು ನೋಡಿ ಅದನ್ನೇ ಹೇಳ್ತಿದ್ದೆ."

ಎರಡೂ ಕರು ಉಳಿದವು. ಟ್ರೇಲರಿನ ವಿಷಯ ವ್ಯಾಪಾರಿಗೆ ತಿಳಿಸಿದ್ದಾಯಿತು. ಹಸುವನ್ನು ಬೇರೆ ಕಟ್ಟಿ, ಸಗಣಿ ಮತ್ತೆ ಮತ್ತೆ ಪರೀಕ್ಷಿಸಿ, ಏನೂ ಬೆಳೆಯುತ್ತಿಲ್ಲ ಎಂದು ಖಾತ್ರಿಯಾಗುವವರೆಗೆ ಯಾರೂ ಮುಟ್ಟಬಾರದೆಂದು ವಸಂತಲಕ್ಷ್ಮಿ ಕಟ್ಟುಮಾಡಿದಳು. ಸಗಣಿಯ ಡಬ್ಬಿಗಳನ್ನು ಡುವಾಲಿನಿಂದ ಬಾತೆಲ್‌ಗೆ ತಲುಪಿಸುವ ಕೆಲಸ ಪ್ರಿನ್ಸಿಪಲ್ ಆರ್ಕಿಟೆಕ್ಟರ ಪಾಲಿಗೆ ಬಂತು. ಕಾರಿನ ಕಿಟಕಿ ಇಳಿಸಿಕೊಂಡು, ಮಳೆಯಲ್ಲಿ ಒಂದು ಕಡೆಯ ತೋಳು ನೆನೆಯುತ್ತ, ಅವನು ಒಂದು ಸಲವೂ ತಪ್ಪಿಸಲಿಲ್ಲ. ಲ್ಯಾಬಿನಲ್ಲಿ ಫಾಜ್‌ಗಳ ಡಬ್ಬಿ ಮೂಲೆಯಿಂದ ನಡುಕಪಾಟಿಗೆ ಬಂತು. ಹೊಸ ಮೆಷಿನ್ ಬಂದ ಮೇಲೂ ಅಲ್ಲೇ ಇರಲಿ ಎಂದು ಮುಖ್ಯಸ್ಥರು ತಾವೇ ಹೇಳಿದರಂತೆ.

ಶ್ರಾವಣದಲ್ಲಿ ಗಣಪತಿ ವಸಂತಲಕ್ಷ್ಮಿಯರ ಸ್ವಂತ ಮನೆಯ ಗೃಹಪ್ರವೇಶ ಬಂತು, ಎಜುಕೇಶನ್ ಹಿಲ್‌ನಲ್ಲೇ. ಮನೆಯೊಳಗೆ ಬೆಳ್ಳಿಯ ಪುಟ್ಟ ಹಸುವನ್ನಿಟ್ಟು ಪೂಜೆ ಮಾಡಿದರು. ನಿಜವಾದ ಹಸುವಿನ ಹತ್ತಿರ ಮನೆಯವರೇ ಹೋಗುವುದೆಂದು ವಸಂತಲಕ್ಷ್ಮಿ ನಿಯಮ ಮಾಡಿದ್ದಳು. ಅದೇ ಆಮೇಲೆ ಊರಿನ ಪದ್ಧತಿಯಾಯಿತು. ಮಧ್ಯಾಹ್ನದ ಊಟ ಮುಗಿಸಿ, ರೇಷ್ಮೆ ಸೀರೆ, ಪಂಚೆಗಳ ಕೆಳಗೆ ರಬ್ಬರ್ ಬೂಟು ಹಾಕಿಕೊಂಡ ಒಂದು ಮೆರವಣಿಗೆ ಡುವಾಲ್‌ಗೆ ಹೊರಟಿತು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಹಿಡಿ ಹಸಿ ಹುಲ್ಲು, ಅದೂ ರೂತ್‌ಳ ಹೊಲದ್ದೇ. ಅಕ್ಕಿ ಬೆಲ್ಲ ತಂದವರು ಕಾರಿನಲ್ಲೇ ಬಿಟ್ಟು ಬರಬೇಕು.

ಗೇಟಿನಲ್ಲಿ ಒಂದು ತೊಟ್ಟಿ ಔಷಧಿ ನೀರು, ಒಂದು ಬ್ರಷ್ಷು. ಒಳಗೆ ಹೋಗುವವರೆಲ್ಲ ಬೂಟು ಉಜ್ಜಿ ಅದ್ದಿ ಹೋಗಬೇಕು. ಅದರ ಪಕ್ಕ ಗಣಪತಿ ನಿಂತಿದ್ದ. ಅದಕ್ಕೆ ಅವನು ಈಗಾಗಲೇ ಒಂದು ಹುದ್ದೆಯ ಹೆಸರು ಇಟ್ಟುಕೊಂಡಿದ್ದ, ಅದರಲ್ಲಿ ಸೆಕ್ಯುರಿಟಿ ಎಂಬ ಶಬ್ದವಿತ್ತು.

"ಫಾಜ್ ಅಂದ್ರೆ ಏನು ಗೊತ್ತಾ ಸುಹಾಸ್?" ಎನ್ನುತ್ತಿದ್ದ. "ಏಳು ಜನ ವೆಂಕಟೇಶ್ ಇದಾರೆ ಅಂತಿಟ್ಕೋ. ನಾವು ಟೈಪಿಂಗ್ ಮಾಡಿದಾಗ ಮೊದಲನೇ ದಿನ ಸ್ವಲ್ಪ ಗಟ್ಟಿ ಆಗಿತ್ತು..."

"ನೀವು ಮಾಡಿದ್ರಾ?" ಎಂದ ಸುಹಾಸ್, ಬೂಟು ಅದ್ದುತ್ತ.

"ನಾನು ಪಾರ್ಕಿಂಗ್ ಲಾಟಲ್ಲಿದ್ದೆ," ಎಂದ ಗಣಪತಿ. "ಮಾಡಿದ್ದು ಇವಳು. ನಮ್ಮ ಮಿಸೆಸ್ಸು. ಡಾಕ್ಟರ್ ವಸಂತಲಕ್ಷ್ಮಿ. ತಡಿ, ಪೂರ್ತಿ ಹೇಳ್ತೀನಿ, ಶುರು ಮಾಡಬೇಕಾಗಿರೋದು ಮದ್ದೂರು ಡೇರಿಯಿಂದ."

ಅದು ಎಷ್ಟು ಉದ್ದ ಹೋಗುತ್ತದೆಂದು ಸುಹಾಸನಿಗೆ ಗೊತ್ತಿತ್ತು, ಆದರೆ ಹಿಂದೆ ಸಾಲು ಬೆಳೆದಿತ್ತು. ವಸಂತಲಕ್ಷ್ಮಿ ಹುಲ್ಲಿನ ಹಿಡಿ ಹಿಡಿದು ಬಂದಳು. ತನ್ನ ಬೂಟು ಉಜ್ಜಿದಳು, ಅದ್ದಿದಳು. ಗಣಪತಿ ಮಾತು ನಿಲ್ಲಿಸದೆ, ದೊಡ್ಡ ಮನೆಯ ಯಜಮಾನನಂತೆ ಗೇಟು ತೆಗೆದು, ಅವಳ ಜೊತೆ ತಾನೂ ಒಳಗೆ ಹೆಜ್ಜೆ ಇಟ್ಟ.

"ರೀ," ಎಂದಳು ಅವಳು. "ತೊಟ್ಟಿ."

ಗಣಪತಿ ಹಿಂದಕ್ಕೆ ಹೋಗಿ ಬ್ರಷ್ಷು ಕೈಗೆ ತೆಗೆದುಕೊಂಡ. ಅವಳು ಅವನ ಮುಖ ನೋಡಿರಲಿಲ್ಲ, ಬೂಟು ನೋಡಿದ್ದಳು.